ಅಕ್ಕ ಕೇಳಿದ ಪಾಸು

ನಮ್ಮ ಕಡೆ ತಳ್ಳುವ ಗಾಡಿಗೆ ಬಂಡಿ ಅನ್ನುತ್ತಾರೆ. ಮಿರ್ಚಿ ಬಂಡಿ, ಹಣ್ಣಿನ ಬಂಡಿ, ಸುಸಲಾ ಬಂಡಿ. ಅವನ್ನು ಮಾಡುವುದು ನನ್ನ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು, ಮುಂದೆ ಸ್ವಂತ ಅಂಗಡಿ ಹಾಕಿದೆ. ಆಳಂದ, ಜೇವರ್ಗಿ, ಅಫಜಲಪುರ, ಮೂರೂ ಕಡೆಯ ಸಂತೆಗಳಲ್ಲಿ ನನ್ನ ಕೈಯ ಬಂಡಿಗಳು ನಿಂತಿವೆ. ದೂರದಿಂದಲೇ ಗುರುತು ಹಿಡಿಯುತ್ತೇನೆ. ಸೊನ್ನ ಊರಿನ ಮೀನು ಮಾರುವವರು ನೀರು ಸೋರದ ಹಾಗೆ ತಗಡು ಬಡಿಸಿಕೊಂಡು ಹೋಗುತ್ತಾರೆ. ಗಾಲಿ ವಾಲಿತೆಂದು ಒಂದು ಬಂಡಿಯೂ ವಾಪಸು ಬಂದಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸಂಕೋಚವಾಗುವುದು ಅಕ್ಕನ ಬಂಡಿಯ ಸಂಗತಿ ಹೇಳುವಾಗ.

ಅವ್ವ ಬೇಗ ತೀರಿಕೊಂಡಳು. ನನ್ನನ್ನು ಉಣಿಸಿ, ತೊಳೆದು, ಶಾಲೆಗೆ ಅಟ್ಟಿದ್ದು ಅಕ್ಕ. ಅವಳು ಶಾಲೆಯ ಮುಖವನ್ನೇ ನೋಡಲಿಲ್ಲ. ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತು, ಗಂಡನನ್ನು ಕಳೆದುಕೊಂಡು ಮತ್ತೆ ನಮ್ಮೂರಿಗೇ ಬಂದಾಗ ನಾನೇ ಅವಳಿಗೆ ಬಂಡಿ ಮಾಡಿಕೊಟ್ಟೆ. ಬಸ್‌ಸ್ಟ್ಯಾಂಡಿನ ಗೇಟಿನ ಪಕ್ಕ ನಿಲ್ಲಿಸಿದಳು. ನೆನೆಸಿದ ಚುರುಮುರಿಗೆ ಒಗ್ಗರಣೆ ಕೊಟ್ಟು, ಪುಠಾಣಿ ಹಿಟ್ಟು ಉದುರಿಸಿದ ಸುಸಲಾ, ಜೊತೆಗೆ ಎರಡು ಮಿರ್ಚಿ. ಬೆಳಗಿನ ಮೊದಲ ಬಸ್ಸಿನ ಡ್ರೈವರ್ ಅವಳ ಕೈಯ ಸುಸಲಾ ತಿನ್ನದೆ ಬಸ್ಸು ಏರುತ್ತಿರಲಿಲ್ಲ. ಯಾರಿಗೆ ಖಾರ ಬೇಕು, ಯಾರಿಗೆ ಉಳ್ಳಾಗಡ್ಡಿ ಬೇಡ, ಎಲ್ಲವೂ ಅವಳ ತಲೆಯಲ್ಲಿರುತ್ತಿತ್ತು. ಆ ಜಾಗದಲ್ಲಿ ನಿಂತೇ ಮಗಳನ್ನು ಓದಿಸಿ ಚೌಡಾಪುರಕ್ಕೆ ಕೊಟ್ಟಳು.

ಅಂಗಡಿ ತೆಗೆಯುವ ಮೊದಲು ನಾನೂ ಅಲ್ಲಿಗೆ ಹೋಗಿ ಪೇಪರ್ ಓದುತ್ತಿದ್ದೆ. ಓದುವುದೆಂದರೆ ಜೋರಾಗಿ, ನಾಲ್ಕು ಮಂದಿಗೆ ಕೇಳುವ ಹಾಗೆ. ಶಾಲೆ ಬಿಟ್ಟವನಿಗೆ ಓದಿನ ಮೇಲೆ ಇರುವ ಹಟ ಶಾಲೆ ಮುಗಿಸಿದವನಿಗೆ ಇರುವುದಿಲ್ಲ. ಒಂದು ದಿನ ಸುದ್ದಿ ಬಂದಿತ್ತು: ಬೀದಿ ಬದಿಯ ವ್ಯಾಪಾರಿಗಳನ್ನು ಬೇಕಾದ ಹಾಗೆ ಎಬ್ಬಿಸುವಂತಿಲ್ಲ, ಪಾರ್ಲಿಮೆಂಟಿನಲ್ಲಿ ಕಾಯ್ದೆ ಪಾಸು.

"ಕೇಳ್ರಿ ಎಲ್ಲಾರೂ! ಇನ್ನ ಮ್ಯಾಲ ನಿಮ್ಮನ್ನ ಯಾರೂ ಮುಟ್ಟಂಗಿಲ್ಲ. ಕಾಯ್ದೆ ಪಾಸ್ ಆಗ್ಯಾದ!" ಎಂದೆ.

ಮಿರ್ಚಿ ತಿರುವುತ್ತಿದ್ದ ಅಕ್ಕ ತೂತಿನ ಜಾರಿ ಸೌಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಹೌದೇನಪಾ ತಮ್ಮಾ? ಆ ಪಾಸ್ ಎಲ್ಲಿ ಕೊಡಾಕತ್ತಾರ? ನಾ ಯಾವತ್ತ ಹೋಗ್ಲಿ?"

ಅವಳಿಗೆ ಗೊತ್ತಿದ್ದ ಪಾಸ್ ಒಂದೇ. ಕಾಲೇಜಿನ ಹುಡುಗಿಯರು ಕಂಡಕ್ಟರನಿಗೆ ತೋರಿಸುವ ಬಸ್ ಪಾಸ್. ಅವಳ ಮಗಳೂ ಅದನ್ನು ಕೊರಳಿಗೆ ಹಾಕಿಕೊಂಡು ಓಡಾಡಿದ್ದಳು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ಅಕ್ಕಾ, ಇದು ಬಸ್ಸಿನ ಪಾಸ್ ಅಲ್ಲಬೇ! ಕಾಯ್ದೆ ದಿಲ್ಲಿಯೊಳಗ ಪಾಸಾಗ್ತದ, ನಿನ್ನ ಕೈಯಾಗ ಯಾರೂ ತಂದು ಕೊಡಂಗಿಲ್ಲ."

ಅವಳೂ ನಕ್ಕಳು, ಸೆರಗು ಬಾಯಿಗೆ ಅಡ್ಡ ಹಿಡಿದು. ಆಮೇಲೆ ಎಷ್ಟೋ ತಿಂಗಳು ಕಂಡಕ್ಟರುಗಳು ಕೆಣಕುತ್ತಿದ್ದರು: "ಅಕ್ಕಾರ, ಪಾಸ್ ಬಂತೇನ್ರಿ? ಇಲ್ಲಂದ್ರ ಟಿಕೆಟ್ ತಗೀರಿ ಮತ್ತ!" ಅದಕ್ಕೂ ನಗುತ್ತಿದ್ದಳು. ಆದರೆ ಆ ಪಾಸಿನ ಬಗ್ಗೆ ಮತ್ತೆ ಕೇಳಲಿಲ್ಲ.

ಕೆಲವು ವರ್ಷ ಕಳೆದವು. ಒಂದು ದಿನ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಸಾರುತ್ತ ಬಂದರು. ಬೀದಿ ಬದಿ ವ್ಯಾಪಾರಿಗಳ ಸರ್ವೆ ಇದೆ, ಆಧಾರ್ ಕಾರ್ಡು ಹಿಡಿದು ತಮ್ಮ ತಮ್ಮ ಬಂಡಿಯ ಹತ್ತಿರ ಇರಬೇಕು, ಫೋಟೋ ತೆಗೆಯುತ್ತಾರೆ. ಅಕ್ಕನ ಪಕ್ಕದಲ್ಲಿ ಹೂವು ಮಾರುವವಳೊಬ್ಬಳಿದ್ದಳು. ಅವಳು ಅಂದೇ ಕಾರ್ಡು ತಂದಿಟ್ಟುಕೊಂಡಳು. ಅಕ್ಕ ನನ್ನ ಅಂಗಡಿಗೆ ಬಂದಳು. ಮಗಳಿಗೆ ಕೂಸು ಹುಟ್ಟಿತ್ತು, ಚೌಡಾಪುರಕ್ಕೆ ಹೋಗುವುದಿತ್ತು.

"ಮೂರು ದಿನ ತಡದು ಹೋಗ್ಲೇನು? ಹೂವಿನಾಕಿ ನಿಂದ್ರಬೇಕಂತಾಳ," ಎಂದಳು.

ನಾನು ಕಬ್ಬಿಣ ಬೆಸೆಯುತ್ತಿದ್ದೆ. ಕನ್ನಡಕ ಮೇಲೆತ್ತಿ ಹೇಳಿದ ಮಾತು ನೆನಪಿದೆ. "ಕಾಯ್ದೆ ಆಗಿ ಹೋಗ್ಯಾದ ಅಂತ ನಾನೇ ಓದಿ ಹೇಳೀನಿ. ಮತ್ಯಾಕ ಅವರ ಮುಂದ ಕೈಕಟ್ಟಿ ನಿಂದ್ರತಿ? ದುಡದು ತಿನ್ನೋರು ನಾವು. ನೀ ಮೊಮ್ಮಗನ್ನ ನೋಡಾಕ ಹೋಗು."

"ಹಂಗಂತಿ?" ಎಂದಳು. ಹೋದಳು.

ಸರ್ವೆಯವರು ಬಂದಾಗ ನಾನು ಅಲ್ಲೇ ಇದ್ದೆ. ಪಟ್ಟಿ ಹಿಡಿದಿದ್ದ ಹೆಣ್ಣುಮಗಳು ಖಾಲಿ ಬಂಡಿ ನೋಡಿ, "ಇದು ಯಾರ್ದ್ರಿ?" ಎಂದು ಕೇಳಿದಳು.

"ನಮ್ಮಕ್ಕಂದು. ಬರ್ಕೋರಿ."

"ಬಂಡಿ ಬರ್ಕೊಳ್ಳಂಗಿಲ್ರಿ ಅಣ್ಣಾ, ಮನಷ್ಯಾರು ಬೇಕು. ನಾಳೆ ನಾಡದು ನಾವು ಇಲ್ಲೇ ಇರ್ತೀವಿ, ಬರಾಕ ಹೇಳ್ರಿ."

"ಪಾರ್ಲಿಮೆಂಟ್‌ದಾಗೇ ಬರದಾರ್ರಿ ತಂಗಿ. ಅದರ ಮ್ಯಾಲ ನೀವೇನ್ ಬರೀತೀರಿ?"

ಸುತ್ತ ನಿಂತವರು ನಕ್ಕರು. ಒಬ್ಬ, "ಭಲೇ ಜವಾಬು!" ಎಂದ. ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಮುಂದಿನ ಬಂಡಿಗೆ ಹೋದಳು. ಅವತ್ತು ಇಡೀ ದಿನ ನಾನು ಆ ಜವಾಬನ್ನೇ ಚಪ್ಪರಿಸಿದೆ. ಅಕ್ಕನ ಮಗಳಿಗೆ ಒಂದು ಫೋನು ಮಾಡಿದ್ದರೆ ಅಕ್ಕ ಮರುದಿನದ ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದಳು. ಮಾಡಲಿಲ್ಲ.

ಮುಂದೆ ರಸ್ತೆ ಅಗಲ ಮಾಡುವುದು ಬಂತು. ಸುಮ್ಮನೆ ಬಂದು ಎಬ್ಬಿಸಲಿಲ್ಲ. ಮೊದಲೇ ನೋಟಿಸು ಅಂಟಿಸಿದರು, ಮೈಕಿನಲ್ಲಿ ಹೇಳಿದರು. ಆಸ್ಪತ್ರೆಯ ಕಂಪೌಂಡಿನ ಉದ್ದಕ್ಕೂ ಸುಣ್ಣದ ಗೆರೆ ಹಾಕಿ, ನಂಬರು ಬರೆದು, ಒಬ್ಬೊಬ್ಬರಿಗೂ ಒಂದೊಂದು ಜಾಗ ಕೊಟ್ಟರು. ಹೂವಿನವಳಿಗೆ ಸಿಕ್ಕಿತು. ಅಕ್ಕನ ಹೆಸರಿಗೆ ಯಾವ ನಂಬರೂ ಇರಲಿಲ್ಲ.

ಕಾಯ್ದೆಯ ಸುದ್ದಿ ಬಂದಾಗ ಕತ್ತರಿಸಿಟ್ಟಿದ್ದ ಪೇಪರಿನ ತುಣುಕು ಜೇಬಿನಲ್ಲಿಟ್ಟುಕೊಂಡು ಪುರಸಭೆಯ ಕಚೇರಿಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅಲ್ಲಿದ್ದ ಗುಮಾಸ್ತ ನಿವೃತ್ತಿಗೆ ಹತ್ತಿರವಾದ ಮನುಷ್ಯ. ತುಣುಕು ಓದಿ, ಮಡಚಿ ನನ್ನ ಕೈಗೇ ಕೊಟ್ಟ.

"ಕುಂದರ್ರಿ. ಇದು ಸುಳ್ಳಲ್ಲ. ಆದ್ರ ಇದು ಪೂರಾ ಅಲ್ಲ. ಲೋಕಸಭಾ ಒಪ್ಪಬೇಕು, ರಾಜ್ಯಸಭಾ ಒಪ್ಪಬೇಕು, ರಾಷ್ಟ್ರಪತಿ ಸಹಿ ಹಾಕಬೇಕು. ಅಲ್ಲಿಗೆ ಕಾಯ್ದೆ ಆಯ್ತು ಖರೆ. ಯಾವತ್ತಿಂದ ಜಾರಿ ಅಂತ ಗೆಜೆಟ್‌ನಾಗ ತಾರೀಖು ಬರಬೇಕು. ಆಮ್ಯಾಲ ನಮ್ಮ ರಾಜ್ಯದವ್ರು ನಿಯಮ ಬರೀಬೇಕು. ಆಮ್ಯಾಲ ಊರಿಗೊಂದು ಸಮಿತಿ, ಅದರಾಗ ಬಂಡಿಯವ್ರೂ ಇರ್ತಾರ. ಆಮ್ಯಾಲ ಸರ್ವೆ. ಸರ್ವೆ ಮುಗಿಯೋತನಾ ಯಾರನ್ನೂ ಎಬ್ಬಿಸಂಗಿಲ್ಲ ಅಂತ ಕಾಯ್ದೆದಾಗೇ ಅದ. ನಾವೂ ಎಬ್ಬಿಸಿಲ್ಲ. ಮುಗದ ಮ್ಯಾಲ ಹೆಸರಿದ್ದವ್ರಿಗೆ ಇದು."

ಮೇಜಿನ ಖಾನೆಯಿಂದ ಯಾರದೋ ಒಂದು ಕಾರ್ಡು ತೆಗೆದು ತೋರಿಸಿದ. ಪ್ಲಾಸ್ಟಿಕ್ಕಿನದು. ಫೋಟೋ, ಹೆಸರು, ವ್ಯಾಪಾರ, ಜಾಗ. ಕೊರಳಿಗೆ ಹಾಕಿಕೊಳ್ಳಲು ದಾರವೂ ಇತ್ತು. ನಾನು ಅದನ್ನು ತಿರುವಿ ಮುರುವಿ ನೋಡಿದೆ. ಓದು ಬರದ ಅಕ್ಕ ಜಾರಿ ಸೌಟು ಹಿಡಿದು ಕೇಳಿದ್ದು ಇದನ್ನೇ. ಎಲ್ಲಿ ಕೊಡುತ್ತಾರೆ, ಯಾವತ್ತು ಹೋಗಲಿ. ಕಾಯ್ದೆಯ ಬಗ್ಗೆ ಕೇಳಬೇಕಾದ ಮಾತು ಅದೊಂದೇ ಆಗಿತ್ತು. ಬಸ್‌ಸ್ಟ್ಯಾಂಡಿನ ಅಷ್ಟು ಮಂದಿಯಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

"ಹೆಸರಿಲ್ಲದವ್ರು ಏನ್ ಮಾಡ್ಬೇಕ್ರಿ?" ಎಂದೆ.

"ಅರ್ಜಿ ಕೊಡ್ಲಿ. ಐದು ವರ್ಷಕ್ಕೊಮ್ಮೆಯಾದ್ರೂ ಸರ್ವೆ ಮಾಡ್ಬೇಕಂತ ಅದ. ಈಗಂತೂ ಗೆರಿ ತುಂಬ್ಯಾವ. ಮುಂದಿನ ಸಲ ಅವರೇ ಬಂಡಿ ಮುಂದ ನಿಂದ್ರಲಿ."

ಅರ್ಜಿಯ ನಮೂನೆ ತಂದು ಅಂಗಡಿಯ ಡಬ್ಬಿಯಲ್ಲಿಟ್ಟೆ. ಅಕ್ಕನಿಗೆ, "ನೋಡ್ತೀವಿ ಅಂದಾರ," ಎಂದಷ್ಟೇ ಹೇಳಿದೆ. ನಿಜ ಹೇಳಬೇಕಾದರೆ ಸರ್ವೆಯ ದಿನ ನಾನು ಕೊಟ್ಟ ಜವಾಬನ್ನೂ ಹೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತ ಬೇಸಿಗೆ ಕಳೆದು ಮಳೆಗಾಲ ಬಂತು. ಅಷ್ಟರಲ್ಲಿ ಅಕ್ಕ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿಕೊಂಡಿದ್ದಳು. ಹಿಂದಿನ ಕೋಣೆ, ಒಂದು ಸಣ್ಣ ಕಿಟಕಿ. ರೊಟ್ಟಿ ಕಿಟಕಿಯಿಂದ ಆಚೆ ಹೋಗುತ್ತವೆ. ತಿನ್ನುವವರ ಮುಖ ಅವಳಿಗೆ ಕಾಣುವುದಿಲ್ಲ. ಒಮ್ಮೆ ನಾನು ಹೋದಾಗ, "ಯಾರ್ ಉಂಡ್ರೋ, ಯಾರ್ ಬಿಟ್ರೋ, ಏನೂ ಗೊತ್ತಾಗಂಗಿಲ್ಲ ನೋಡು ಇಲ್ಲಿ," ಎಂದಳು. ದೂರಿನಂತೆ ಹೇಳಲಿಲ್ಲ. ಹಿಟ್ಟು ತಟ್ಟುತ್ತ ಹೇಳಿದಳು.

ಅವತ್ತು, ಅಕ್ಕನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಮರುದಿನ ಸಂಜೆ ನಮೂನೆ, ಪೆನ್ನು ಹಿಡಿದು ಅವಳ ಮನೆಗೆ ಹೋದೆ. ಸರ್ವೆಯ ಹುಡುಗಿಯ ಮಾತು, ನನ್ನ ಜವಾಬು, ಮಾಡದೆ ಬಿಟ್ಟ ಫೋನು, ಒಂದೂ ಬಿಡದೆ ಹೇಳಿದೆ.

"ಗೊತ್ತದ ತಮ್ಮಾ. ನಾ ಚೌಡಾಪುರದಿಂದ ಬಂದ ದಿನಾನೇ ಹೂವಿನಾಕಿ ಹೇಳಿದ್ಲು. ಅಕಿ ಅಲ್ಲೇ ಇದ್ಲಲ್ಲ."

"ಮತ್ತ ನನ್ನ ಯಾಕ ಬೈಲಿಲ್ಲ?"

"ಬೈದ್ರ ಜಾಗ ಬರ್ತದೇನು?" ಎಂದು ಎದ್ದಳು. "ನಿನ್ನ ಮಾತು ಕೇಳಿ ಹ್ವಾದಾಕಿ ನಾನೇ ಅಲ್ಲೇನು?"

ನಾನು ನಮೂನೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದೆ. "ಈಗ ತುಂಬೋಣ, ನೀ ಹೇಳು, ನಾ ಬರೀತೇನಿ."

"ತುಂಬಿ ಕೊಟ್ಟೇನಿ. ಎರಡು ತಿಂಗಳಾತು," ಎಂದಳು. ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಮುಂದಿಟ್ಟಳು. ಒಳಗೆ ಅರ್ಜಿಯ ಪ್ರತಿ ಇತ್ತು, ಮೇಲೆ ಕಚೇರಿಯ ಮೊಹರು. ಅಕ್ಕನ ಹೆಬ್ಬೆಟ್ಟು, ಫೋಟೋ. ವ್ಯಾಪಾರ: ಸುಸಲಾ, ಮಿರ್ಚಿ. ಬರೆದುಕೊಟ್ಟವಳು ಹೂವಿನವಳ ಮಗಳಂತೆ; ಅಕ್ಷರ ದುಂಡಗೆ ಚೆಂದವಾಗಿತ್ತು. ಕೆಳಗೆ ಒಂದು ಖಾನೆ: ಸುದ್ದಿ ತಿಳಿಸಬೇಕಾದವರ ಹೆಸರು, ಮೊಬೈಲ್ ನಂಬರು. ಅಕ್ಕನ ಹತ್ತಿರ ಫೋನಿಲ್ಲ. ಪಿಂಚಣಿ, ರೇಷನ್, ಗ್ಯಾಸು, ಯಾವ ಕಾಗದವಿದ್ದರೂ ಅಲ್ಲಿ ನನ್ನ ನಂಬರು ಬರೆಸುವವಳು ಅವಳು. ಇದರಲ್ಲಿ ಹೂವಿನವಳ ನಂಬರು ಇತ್ತು.