ಬೋರಲು ಹಾಕದ ಒರಳು

ಮೊಮ್ಮಗಳಿಗೆ ಡೆಂಗಿ ಜ್ವರ ಬಂದದ್ದು ನನ್ನ ಒರಳಿನಿಂದ. ಪಕ್ಕದ ಮನೆಯವಳ ನೀರಿನ ಡ್ರಮ್ಮಿನಿಂದ ಅಲ್ಲ. ಯಾವ ಸೊಳ್ಳೆ ಎಲ್ಲಿ ಹುಟ್ಟಿತೆಂದು ಯಾರಿಗೆ ಗೊತ್ತು, ಅದೇನು ಊರಿನ ಹೆಸರು ಹೇಳಿ ಕಚ್ಚುತ್ತದೆಯೇ ಎಂದು ಮಗ ನನಗೆ ಸಮಾಧಾನ ಹೇಳಿದ. ಅವನು ಹೇಳಲಿ. ನನಗೆ ಗೊತ್ತಿದೆ.

ನಾವು ಬನವಾಸಿ ಕಡೆಯ ಒಕ್ಕಲುತನದವರು. ಮಗ ಶಿರಸಿ ಪೇಟೆಯಲ್ಲಿ ಅಂಗಡಿ ಕೆಲಸ ಹಿಡಿದ ಮೇಲೆ ಇಸಳೂರಿನಲ್ಲಿ ಮನೆ ಕಟ್ಟಿಸಿದ. ಊರಿಂದ ಬರುವಾಗ ನಾನು ಹಠ ಮಾಡಿ ಟೆಂಪೋಕ್ಕೆ ಹೇರಿಸಿದ್ದು ಒರಳನ್ನು. ಮಿಕ್ಸರ್ ಇರುವ ಮನೆಗೆ ಈ ಕಲ್ಲು ಏಕೆ ಎಂದು ಸೊಸೆ ಕೇಳಿದಳು. ನನ್ನ ಮದುವೆಯ ಅರಿಶಿನ ಕುಟ್ಟಿದ್ದು ಇದರಲ್ಲಿ, ಮಗಳ ಮದುವೆಗೂ ಇದರಲ್ಲೇ, ನಾಳೆ ಮೊಮ್ಮಗಳ ಮದುವೆಗೂ ಬೇಕು ಎಂದೆ. ಮೊಮ್ಮಗಳು ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು.

ಒರಳನ್ನು ಹಿತ್ತಿಲಲ್ಲಿ ನಲ್ಲಿಯ ಪಕ್ಕ ಇಳಿಸಿದರು. ಮಳೆ ಬಂದರೆ ಅದರ ಗುಂಡಿಯಲ್ಲಿ ನೀರು ತುಂಬುತ್ತದೆ, ನಲ್ಲಿ ಸಿಡಿದರೂ ತುಂಬುತ್ತದೆ. ಖಾಲಿ ಮಾಡಬೇಕೆಂದರೆ ಮಗುಚಬೇಕು, ಇಲ್ಲವೇ ಬಟ್ಟಲಿನಲ್ಲಿ ತೋಡಿ ಬಟ್ಟೆಯಿಂದ ಒರೆಸಬೇಕು. ಒರಳು ಬೋರಲು ಬಿದ್ದ ಮನೆಯಲ್ಲಿ ಮದುವೆ ನಡೆಯುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹಾಗಾಗಿ ಮಗುಚಲು ಬಿಡಲಿಲ್ಲ. ಮೊದಮೊದಲು ತೋಡಿ ಒರೆಸುತ್ತಿದ್ದೆ. ಆಮೇಲೆ ಸೊಂಟ ನೋವು ಎಂದು ಅದನ್ನೂ ಬಿಟ್ಟೆ.

ಮಳೆಗಾಲದಲ್ಲಿ ನಮ್ಮ ಬೀದಿಗೆ ಆಶಾ ಕೆಲಸದ ಹೆಂಗಸು ಬರುತ್ತಾಳೆ. ನಿಂತ ನೀರು ಚೆಲ್ಲಿ, ಪಾತ್ರೆ ತಿಕ್ಕಿ ಒಣಗಿಸಿ, ಹಗಲು ಕಚ್ಚುವ ಸೊಳ್ಳೆ ಒಳ್ಳೆಯ ನೀರಿನಲ್ಲೇ ಮೊಟ್ಟೆ ಇಡುತ್ತದೆ ಎಂದು ಮನೆಮನೆಗೆ ಹೇಳುತ್ತಾಳೆ. ಒರಳನ್ನು ನೋಡಿ, ಬೋರಲು ಹಾಕಿ, ಆಗದಿದ್ದರೆ ಮರಳು ತುಂಬಿಸಿ ಎಂದಳು. ಹೂಂ ಎಂದೆ. ಮನಸ್ಸಿನಲ್ಲಿ ನಕ್ಕೆ. ಸೊಳ್ಳೆ ಹುಟ್ಟುವುದು ಗಟಾರದಲ್ಲಿ ಎಂದೇ ನಾನು ತಿಳಿದಿದ್ದು. ನನ್ನ ಹಿತ್ತಿಲಲ್ಲಿ ಒಂದು ಕಸಕಡ್ಡಿ ಇರುವುದಿಲ್ಲ.

ಮುಂದಿನ ಸಲ ಅವಳ ದನಿ ಬೀದಿಯ ಆ ತುದಿಯಲ್ಲಿ ಕೇಳಿದ ಕೂಡಲೇ ಹೋಗಿ ಒರಳಿನ ಮೇಲೆ ತೊಳೆದ ಬಕೆಟ್ ಬೋರಲು ಹಾಕಿದೆ. ಗುಂಡಿ ಕಾಣಲಿಲ್ಲ. ಅವಳು ನೋಡಿಕೊಂಡು ಹೋದಳು, ನಾನು ಬಕೆಟ್ ತೆಗೆದೆ. ಆ ಮಳೆಗಾಲವೆಲ್ಲ ಹೀಗೇ ಮಾಡಿದೆ. ಬಕೆಟ್ ಬೋರಲು ಹಾಕಲು ನನಗೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ.

ಪಕ್ಕದ ಬಾಡಿಗೆ ಮನೆಯಲ್ಲಿ ಯಲ್ಲಾಪುರದ ಕಡೆಯ ಗಂಡ ಹೆಂಡತಿ ಇದ್ದಾರೆ. ಅವನು ಮರದ ನಾಟಾ ಸಾಗಿಸುವ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಕಡಿಮೆ. ಅವಳು ಆಗ ತುಂಬಿದ ಬಸುರಿ. ಅವರಿಗೆ ಟಾಕಿ ಇಲ್ಲ, ನಲ್ಲಿ ಬಂದಾಗ ಹಿಡಿದ ನೀರನ್ನು ನೀಲಿ ಡ್ರಮ್ಮುಗಳಲ್ಲಿ ತುಂಬಿ ಗೋಡೆಗೆ ಸಾಲಾಗಿ ಇಟ್ಟಿರುತ್ತಿದ್ದಳು.

ಮೊಮ್ಮಗಳಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು ಎಂದು ಅಳುತ್ತಿದ್ದಳು, ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಶಿರಸಿ ಆಸ್ಪತ್ರೆಯಲ್ಲಿ ರಕ್ತ ನೋಡಿ ಡೆಂಗಿ ಎಂದರು, ಮಲಗಿಸಿಕೊಂಡರು. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಸೊಸೆ ಫೋನು ಮಾಡಿದಳು. ನನ್ನ ಬಾಯಿ ಸುಮ್ಮನಿರಲಿಲ್ಲ. ಬೀದಿಯಲ್ಲಿ ನಿಂತು ಪಕ್ಕದ ಮನೆಯವಳ ಡ್ರಮ್ಮುಗಳ ಕಡೆ ಕೈ ತೋರಿಸಿದೆ. ಅವಳ ಮನೆ ಮಾಲೀಕ ಅಂದು ಬಾಡಿಗೆಗೆಂದು ಬಂದಿದ್ದ, ಅವನ ಮುಂದೆಯೂ ಹೇಳಿದೆ. ಇವರನ್ನು ಇಟ್ಟುಕೊಂಡರೆ ಈ ಬೀದಿಯಲ್ಲಿ ಮಕ್ಕಳು ಉಳಿಯುವುದಿಲ್ಲ ಎಂದೆ. ನೆರೆಹೊರೆಯವರೂ ತಲೆ ಆಡಿಸಿದರು. ಅವನು ಅಲ್ಲೇ ಅವಳಿಗೆ, ಈ ತಿಂಗಳು ಮುಗಿದ ಕೂಡಲೇ ಮನೆ ಖಾಲಿ ಮಾಡಿ ಎಂದ.

ಅವಳು ಬೇಲಿಯ ಹತ್ತಿರ ಬಂದಳು.

"ಅಜ್ಜಿ, ಡ್ರಮ್ಮಿಗೆಲ್ಲಾ ನಾ ಬಟ್ಟೆ ಕಟ್ಟೇ ಇಡ್ತೆ. ಬೇಕಾರೆ ಬಂದು ನೋಡಿ. ಹೆರಿಗಿ ಹತ್ರ ಬಂತು, ಈಗ ಎಲ್ಲಿ ಮನೆ ಹುಡುಕ್ಲಿ?"

"ಊರು ಬಿಟ್ಟು ಬಂದೋರಿಗೆ ಸ್ವಚ್ಛ ಎಲ್ಲಿಂದ ಬರಬೇಕವ್ವಾ," ಎಂದು ನಾನು ಒಳಗೆ ಹೋದೆ.

ನಾನೂ ಊರು ಬಿಟ್ಟು ಬಂದವಳೇ. ಅದು ಹೇಳುವಾಗ ನೆನಪಾಗಲಿಲ್ಲ. ಬಟ್ಟೆ ಕಟ್ಟಿದೆಯೋ ಇಲ್ಲವೋ ಎಂದು ನೋಡಲೂ ಇಲ್ಲ.

ಮೊಮ್ಮಗಳು ಬದುಕಿ ಉಳಿದಳು. ಮನೆಗೆ ಕರೆತಂದ ಮೇಲೆ ಆರೋಗ್ಯ ಇಲಾಖೆಯವರು ಬಂದರು. ಜ್ವರ ಬಂದ ಮನೆಯ ಸುತ್ತಮುತ್ತ ಎಲ್ಲ ಕಡೆ ನೋಡಬೇಕಂತೆ. ಆಶಾ ಹೆಂಗಸೂ ಜೊತೆಗಿದ್ದಳು. ಮೊದಲು ಪಕ್ಕದ ಮನೆಗೆ ಹೋಗಿ ಎಂದು ನಾನೇ ಕಳಿಸಿದೆ. ಒಂದೊಂದು ಡ್ರಮ್ಮಿನ ಬಟ್ಟೆ ಬಿಚ್ಚಿ ಬ್ಯಾಟರಿ ಬಿಟ್ಟು ನೋಡಿದರು. ಏನೂ ಇರಲಿಲ್ಲ. ಅಷ್ಟರಲ್ಲಿ ನಾನು ಬಕೆಟ್ಟನ್ನು ಒರಳಿನ ಮೇಲೆ ಅದರ ಜಾಗದಲ್ಲಿ ಹಾಕಿ ಆಗಿತ್ತು.

ನಮ್ಮ ಹಿತ್ತಿಲು ನೋಡಿ ಅವರು ಹೊರಡುವವರೇ. ಮೊಮ್ಮಗಳು ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಳು.

"ಆ ಬಕೀಟ್ ತಗೀರಿ," ಎಂದಳು. "ಅದರಾಗ ನನ್ನ ಮೀನ ಅದಾವು. ನಾ ದಿನಾ ಅನ್ನ ಹಾಕ್ತೀನಿ. ಅಜ್ಜಿ ನೀವು ಬಂದಾಗ ಅಷ್ಟ ಮುಚ್ಚತಾಳ."

ಆಶಾ ಹೆಂಗಸು ಬಕೆಟ್ ಎತ್ತಿದಳು. ಬಿಳಿ ತಟ್ಟೆ ಕೇಳಿದಳು, ಸೊಸೆ ತಂದುಕೊಟ್ಟಳು. ಒರಳಿನ ನೀರು ತಟ್ಟೆಗೆ ಬಿದ್ದದ್ದೇ ತಡ, ಹುಳಗಳು ಡೊಂಕುಡೊಂಕಾಗಿ ಕುಣಿಯತೊಡಗಿದವು. ಬೇಲಿಯ ಆಚೆ ಪಕ್ಕದ ಮನೆಯವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

"ಅಜ್ಜಿ, ಮಾಲೀಕ್ರಿಗೆ ಒಂದು ಮಾತು ಹೇಳ್ತ್ರಾ?" ಎಂದಷ್ಟೇ ಕೇಳಿದಳು.

ನೋಡೋಣ ಎಂದೆ. ಆ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಅಷ್ಟೇ.

ಸಂಜೆ ಮಗ ಬಂದ ಮೇಲೆ ಮನೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಸೊಸೆ ತಟ್ಟೆಗೆ ರೊಟ್ಟಿ ಹಾಕಿದಳು. ಹುಡುಗಿಯನ್ನು ದಿನಾ ಆ ಕಲ್ಲಿನ ಹತ್ತಿರ ಕೂರಿಸಿದವಳು ನಾನು. ಅಲ್ಲಿ ಆಡಿಕೊಂಡಿದ್ದರೆ ಬೀದಿಗೆ ಹೋಗುವುದಿಲ್ಲ ಎಂದು ನಾನೇ ಮಣೆ ಹಾಕಿಕೊಟ್ಟಿದ್ದೆ. ರೊಟ್ಟಿಯ ತಟ್ಟೆಯನ್ನು ಬದಿಗೆ ಸರಿಸಿದೆ. ನಾಳೆ ಮಾಲೀಕನ ಹತ್ತಿರ ಹೋಗುತ್ತೇನೆ ಎಂದೆ.

"ಹೋದ ಮಾನ ಸಾಕು ಬಿಡವ್ವಾ," ಎಂದ ಮಗ. "ನಾ ಫೋನ್ ಹಚ್ಚಿ ಹೇಳ್ತೀನಿ."

ಬೆಳಿಗ್ಗೆ ಎದ್ದವಳೇ ಅವನ ಕೈಗೆ ಹಾರೆ ಕೊಟ್ಟೆ. ಅವನು ಮೀಟಿದ, ನಾನು ಭುಜ ಕೊಟ್ಟೆ. ಒರಳು ಬೋರಲು ಬಿತ್ತು. ಅತ್ತೆ ಇದ್ದಿದ್ದರೆ ಬಾಯಿ ಬಡಿದುಕೊಳ್ಳುತ್ತಿದ್ದರು. ಮೀನು ಎಲ್ಲಿ ಹೋದವು ಎಂದು ಮೊಮ್ಮಗಳು ಅತ್ತಳು. ಅವೇ ನಿನಗೆ ಜ್ವರ ಕೊಟ್ಟಿದ್ದು, ಸಾಕಿದವಳು ನಾನು ಎಂದೆ. ಅವಳಿಗೆ ತಿಳಿಯಲಿಲ್ಲ.

ಆಮೇಲೆ ಸೀರೆ ಬದಲಿಸಿ ಶಿರಸಿ ಬಸ್ಸು ಹತ್ತಿದೆ. ಮಾಲೀಕನ ಬಟ್ಟೆ ಅಂಗಡಿಯಲ್ಲಿ ಆಗಲೇ ಗಿರಾಕಿಗಳಿದ್ದರು. ಒಳಗೆ ಬರ್ರಿ ಅಮ್ಮಾರ, ಕೂಡ್ರಿ ಎಂದ. ಕೂಡಲಿಲ್ಲ. ಸೊಳ್ಳೆ ಹುಟ್ಟಿದ್ದು ನಮ್ಮ ಹಿತ್ತಿಲಲ್ಲಿ, ಒರಳನ್ನು ಮುಚ್ಚಿಟ್ಟವಳು ನಾನು, ಆ ಹೆಣ್ಣುಮಗಳ ಡ್ರಮ್ಮಿನಲ್ಲಿ ಏನೂ ಇರಲಿಲ್ಲ, ಅವರನ್ನು ಮನೆ ಬಿಡಿಸಬೇಡ ಎಂದು ನಿಂತೇ ಹೇಳಿದೆ. ಸೀರೆ ನೋಡುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಅವನು ಇರಿಸುಮುರಿಸಾಗಿ ದನಿ ತಗ್ಗಿಸಿದ.

"ಆತು, ಇರ್ಲಿ ಬಿಡ್ರಿ ಅವ್ರು. ಇಷ್ಟಕ್ಕ ಬಸ್ ಹತ್ತಿ ಬರಬೇಕಿತ್ತ? ಫೋನಿನ್ಯಾಗ ಹೇಳಿದ್ರ ಆಗ್ತಿತ್ತು."

ಚಾಡಿ ಹೇಳಿದ್ದು ಫೋನಿನಲ್ಲಿ ಅಲ್ಲವಲ್ಲ ಎಂದೆ.

ಇಸಳೂರಿಗೆ ಬಂದು ನೇರ ಅವಳ ಬಾಗಿಲಿಗೆ ಹೋದೆ. ಒಳಗೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮಾಲೀಕ ಇರಿ ಎಂದ, ನಾನು ಹೇಳಿ ಬಂದೆ, ನನ್ನದೇ ತಪ್ಪು ಎಂದೆ. ಅವಳು ಹೂಂ ಎಂದಳು, ಒಳಗೆ ಬನ್ನಿ ಎನ್ನಲಿಲ್ಲ. ಚೀಲದಿಂದ ಒಂದು ಪಾತ್ರೆ ಹೊರಗೆ ತೆಗೆದು ಒಲೆಯ ಪಕ್ಕ ಇಟ್ಟಳು. ನಾನು ಮನೆಗೆ ಬಂದೆ.