ಅತ್ತೆಯ ಮೈಗೇರಿದ ಹಳದಿ

ಅತ್ತೆಯ ಅಂಗೈಗಳು ಹಳದಿಯಾಗಿದ್ದವು. ಕೆನ್ನೆ, ಕತ್ತು, ಕಿವಿಯ ಹಿಂಭಾಗ ಕೂಡ, ಆಗತಾನೇ ಅರಿಶಿನದೆಣ್ಣೆ ಹಚ್ಚಿ ಮೀಯಿಸಿದ ಮದುಮಗಳ ಹಾಗೆ. ಅವರು ನಮ್ಮ ತಂದೆಯ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮಳವಳ್ಳಿಯ ನಮ್ಮ ಬೀದಿಯಲ್ಲಿ ವಿಧವೆಯ ಮೈಮೇಲೆ ಆ ಬಣ್ಣವೆಂದರೆ, ಮೈ ಗಾಡ್, ದೊಡ್ಡ ಸ್ಕ್ಯಾಂಡಲ್.

ಬಣ್ಣ ಬಂದದ್ದು ಮಾತ್ರೆಯಿಂದ. ಯುದ್ಧದ ಕಾಲ, ಕ್ವಿನೈನ್ ಸಿಗುತ್ತಿರಲಿಲ್ಲ. ನಾಲೆಯ ನೀರು ಹರಿದ ಕಡೆಯೆಲ್ಲ ಚಳಿಜ್ವರ. ಮೈಸೂರಿನ ವೈದ್ಯ ಕಾಲೇಜಿನ ಡಾಕ್ಟರುಗಳು ಕಿರುಗಾವಲಿನಲ್ಲಿ ಶೆಡ್ಡು ಹಾಕಿ ಹೊಸ ಮಾತ್ರೆಯ ಟ್ರಯಲ್ ನಡೆಸುತ್ತಿದ್ದರು. ಅತ್ತೆ ಅಲ್ಲಿ ನರ್ಸ್. ಮಕ್ಕಳ ಹೊಟ್ಟೆ ಒತ್ತಿ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ನೋಡುವ ಮೊದಲು ಕೈಯನ್ನು ಸೆರಗಿನಲ್ಲಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರಂತೆ. ಮಾತ್ರೆ ಕಹಿಯಲ್ಲ ಎಂದು ಎಂದೂ ಸುಳ್ಳು ಹೇಳಿದವರಲ್ಲ. "ಕಹೀನೇ. ನಾನೂ ನುಂಗ್ತೀನಿ, ನೀನೂ ನುಂಗು," ಎಂದು ವಾರವಾರ ಎಲ್ಲರೆದುರು ತಾವೇ ಮೊದಲು ನುಂಗುತ್ತಿದ್ದರು. ಹಾಗೆ ನುಂಗಿ ನುಂಗಿಯೇ ಹಳದಿ ಏರಿತ್ತು.

ಎದುರುಮನೆಯಾಕೆ ನೀರು ಸೇದುತ್ತಾ, ಶೇಕ್‌ದಾರರ ಮನೇಲಿ ಮತ್ತೆ ಮದುವೆಯೇ ಎಂದು ಕೇಳಿದಳು. ಶೇಕ್‌ದಾರರೆಂದರೆ ಕಂದಾಯದ ಅಧಿಕಾರಿಯಾಗಿದ್ದ ನಮ್ಮ ತಾತ. ಅಂದೇ ಅತ್ತೆಯನ್ನು ಹಿಂದಿನ ಕೋಣೆಗೆ ಸೇರಿಸಿ ಬೀಗ ಹಾಕಿದರು. ಬಣ್ಣ ಪೂರ್ತಿ ಹೋದ ದಿನ ಕೆಲಸಕ್ಕೆ ಹೋಗಬಹುದು ಎಂದರು. ತಾತ ಮಾತಿಗೆ ತಪ್ಪುವವರಲ್ಲ, ದಟ್ ವಾಸ್ ದಿ ಟ್ರಬಲ್.

ನಾನು ಕಾನ್ವೆಂಟಿನಿಂದ ಬೇಸಗೆ ರಜಕ್ಕೆ ಬಂದಾಗ ಅತ್ತೆ ದಿನವೂ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ಉಗುರಿನ ಬುಡದಲ್ಲಷ್ಟೇ ಹಳದಿ ಉಳಿದಿತ್ತು. ಇನ್ನೇನು, ಸೋಮವಾರ ಹೊರಡಬಹುದು ಎಂದು ನನ್ನಿಂದ ಬಿಳಿ ಸೀರೆಗೆ ಗಂಜಿ ಹಾಕಿಸಿದರು.

ಅಷ್ಟರಲ್ಲಿ ಕಿರುಗಾವಲಿನ ಒಬ್ಬ ತಾಯಿ, ಜ್ವರದ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಶೆಡ್ಡಿನಲ್ಲಿ ಕೊಟ್ಟ ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಓಣಿಯ ಕಡೆಯ ಕಿಟಕಿಗೆ ಬಂದಳು.

"ಆ ಮಾತ್ರೆನೇ ನಿನ್ನ ತಿಂದಾಕ್ತು ಅಂತವ್ರೆ ಕಣವ್ವ. ಊರಲ್ಲಿ ಯಾರೂ ನುಂಗಾಕಿಲ್ಲ."

"ನೋಡು, ಬದುಕಿದೀನಲ್ಲ. ಮಗೂಗೆ ಕೊಡು."

"ನೀ ನುಂಗು, ಆಮ್ಯಾಕೆ ಕೊಡ್ತೀನಿ. ಇಲ್ದಿದ್ರೆ ಬುಡು, ಓಯ್ತೀನಿ."

ಅತ್ತೆ ಉಗುರುಗಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಸರಳುಗಳ ನಡುವೆ ಕೈ ಚಾಚಿ ಮಾತ್ರೆ ಇಸಿದುಕೊಂಡು, ನೀರನ್ನೂ ಕೇಳದೆ ನುಂಗಿ, ಬಾಯಿ ತೆರೆದು ತೋರಿಸಿದರು. ಮಗುವೂ ನುಂಗಿತು.

ಮುಂದಿನ ವಾರ ಕಿಟಕಿಗೆ ಇನ್ನಷ್ಟು ತಾಯಂದಿರು ಬಂದರು. ಅದರ ಮುಂದಿನ ವಾರವೂ. ಹಳದಿ ಮತ್ತೆ ಏರಿತು. ತಾತ ಬೀಗ ತೆಗೆಯಲಿಲ್ಲ.

ಟ್ರಯಲ್ ಮುಗಿದು ಡಾಕ್ಟರುಗಳು ಶೆಡ್ಡು ಕಿತ್ತು ಮೈಸೂರಿಗೆ ಹೊರಟುಹೋದ ಮೇಲೆ, ಮುಂದಿನ ವರ್ಷ, ಬಣ್ಣ ಪೂರ್ತಿ ಹೋಯಿತು. ತಾತ ಬಾಗಿಲು ತೆರೆದು, ಹೋಗು ಇನ್ನು ಎಂದರು.

"ಎಲ್ಲಿಗಪ್ಪಾ?" ಎಂದು ಅತ್ತೆ ಕೇಳಿದರಂತೆ.

ಅದೇ ಕೋಣೆಯಲ್ಲಿ ಉಳಿದರು. ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು, ನಾನು ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಾಗ, ನ್ಯುಮೋನಿಯಾದಿಂದ ಹೋದರು. ಪೂರ್ ಡಿಯರ್.

ಆ ಪರೀಕ್ಷೆಗೆ ನಾನು ಕೂತದ್ದೇ ಅವರಿಂದ. ಹುಡುಗಿಗೆ ಓದೇಕೆಂದು ನನ್ನನ್ನು ಶಾಲೆ ಬಿಡಿಸಿ ಮನೆಗೆ ಕರೆತರುವ ಮಾತನ್ನು ತಾತ ಎತ್ತಿದ್ದಾಗ, ಅತ್ತೆ ನಮ್ಮ ತಂದೆಯನ್ನು ಕೋಣೆಗೆ ಕರೆಸಿಕೊಂಡು ಹೇಳಿದರಂತೆ: "ಬೇಡ ಅಣ್ಣ. ಈ ಮನೇಲಿ ಒಳಗೆ ಕೂರೋಕೆ ನಾನೊಬ್ಬಳು ಸಾಕು."