ಫಿಮ್ಕಾ ಮೊದಲೇ ಹೇಳಿದ ಕಂತುಗಳು

ಬಿತೊಲ ಊರಿನ ಬೆಜಿಸ್ತೆನ್ ಎಂಬ ಕಲ್ಲುಚಾವಣಿಯ ಹಳೆಯ ಮಾರುಕಟ್ಟೆಯಲ್ಲಿ ಪರದೆ ಬಟ್ಟೆ ಮಾರುವ ಫಿಮ್ಕಾ, ಯಾವ ಥಾನನ್ನೂ ಅದರ ಒಳತುದಿ ಬಿಚ್ಚಿಸಿ ನೋಡದೆ ಕೊಂಡವಳಲ್ಲ. ಹೊರಸುತ್ತಿನಲ್ಲಿ ಎಲ್ಲರ ಬಟ್ಟೆಯೂ ಚೆನ್ನಾಗಿಯೇ ಇರುತ್ತದೆ. ನುಸಿ ತಿಂದದ್ದು ಕಾಣುವುದು ಕೊನೆಯಲ್ಲಿ. ಕಥೆಗಳ ವಿಷಯದಲ್ಲೂ ಅವಳದು ಇದೇ ನಿಯಮ. ಮೊದಲು ಕೊನೆ ಓದಬೇಕು, ಆಮೇಲೆ ಬೇಕಾದರೆ ಅಳಬೇಕು.

ಊರಿನ ಹೆಂಗಸರು ಸಂಜೆ ಎಂಟಕ್ಕೆ ಟೀವಿಯ ಮುಂದೆ ಕೂತು ನೋಡುವ ತುರ್ಕಿ ಧಾರಾವಾಹಿ ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಅಲ್ಲಿ ಮುಗಿದು ವರ್ಷವಾಗಿರುತ್ತದೆ. ಅಲ್ಲಿನ ಇಜ್ಮಿರ್, ಅದಾನಾ ಊರುಗಳ ಹೆಂಗಸರು ಒಂದೊಂದು ಕಂತನ್ನೂ ಫೋನಿನ ಪುಟಗಳಲ್ಲಿ ಬಿಡಿಸಿ ಬರೆದು, ಅದರ ಕೆಳಗೆ ಜುಟ್ಟು ಹಿಡಿದು ಜಗಳವಾಡಿ, ಮರೆತೂ ಬಿಟ್ಟಿರುತ್ತಾರೆ. ಫಿಮ್ಕಾಳಿಗೆ ತುರ್ಕಿ ಬರುತ್ತಿತ್ತು. ತಾಯಿ ಕಾರ್ಖಾನೆಗೆ ಹೋದಾಗ ಅವಳನ್ನು ಸಾಕಿದವಳು ಪಕ್ಕದ ಮನೆಯ ನಜ್ಮಿಯೆ; ಆ ಮುದುಕಿ ಬೈದದ್ದೂ ಮುದ್ದಿಸಿದ್ದೂ ತುರ್ಕಿಯಲ್ಲೇ. ಬೆಳಗ್ಗೆ ಅಂಗಡಿಯ ಕದ ತೆಗೆದು, ಕಾಫಿ ಕಾಸಿಕೊಂಡು, ಕನ್ನಡಕ ಮೂಗಿಗೇರಿಸಿ ಆ ಪುಟಗಳನ್ನು ಓದುವುದು ಫಿಮ್ಕಾಳ ದಿನದ ಮೊದಲ ಕೆಲಸ. ಕಥೆಗಿಂತ ಕೆಳಗಿನ ಜಗಳವೇ ಅವಳಿಗೆ ಹೆಚ್ಚು ರುಚಿ.

ಶುರುವಾದದ್ದು ತಮಾಷೆಯಾಗಿ. ಲೇಸು ಬಟ್ಟೆಗೆ ಚೌಕಾಸಿ ಮಾಡುತ್ತ ಕೂತಿದ್ದ ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಫಿಮ್ಕಾ ಅವಳು ಕುಡಿದಿಟ್ಟ ಕಾಫಿ ಬಟ್ಟಲನ್ನು ಬೋರಲು ಹಾಕಿ, ಎತ್ತಿ, ಭವಿಷ್ಯ ಹೇಳುವವರಂತೆ ಚರಟ ಇಳಿದ ಗೆರೆಗಳನ್ನು ನೋಡಿ, "ಅಯ್ಯೋ, ಆ ಕುರುಡ ಡಾಕ್ಟರು ಕುರುಡನೇ ಅಲ್ವಲ್ಲೇ!" ಎಂದಳು. ಗುರುವಾರದ ಕಂತಿನಲ್ಲಿ ಡಾಕ್ಟರು ಕಪ್ಪು ಕನ್ನಡಕ ತೆಗೆದ. ಶುಕ್ರವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟಲು ನೋಡಿಸಿಕೊಳ್ಳಲು ಬಂದವರು ಬರಿಗೈಯಲ್ಲಿ ಹೋಗಲು ನಾಚಿ ಎರಡು ಮೀಟರ್ ಬಟ್ಟೆ ಹರಿಸಿಕೊಂಡು ಹೋದರು. ವ್ಯಾಪಾರಂ ದ್ರೋಹಚಿಂತನಂ ಎಂದವರು ಅಂಗಡಿಯ ಬಾಡಿಗೆ ಕಟ್ಟಿದವರಲ್ಲ. ಫಿಮ್ಕಾ ಯಾರ ಬದುಕಿನ ಭವಿಷ್ಯವನ್ನೂ ಹೇಳುತ್ತಿರಲಿಲ್ಲ. "ನನ್ನ ಬಟ್ಟಲಿಗೆ ಟೀವಿ ಮಾತ್ರ ಕಾಣೋದು ಕಣ್ರಮ್ಮ," ಎಂದುಬಿಡುತ್ತಿದ್ದಳು. ಅದನ್ನೇ ಅವರು ದೊಡ್ಡತನವೆಂದು ತಿಳಿದರು. ಫೋನಿನಲ್ಲಿ 'ಫಿಮ್ಕಾಳ ಬಟ್ಟಲು' ಎಂದು ಗುಂಪೊಂದು ಹುಟ್ಟಿ, ಮುಂದಿನ ಚಳಿಗಾಲದ ಹೊತ್ತಿಗೆ ಅರ್ಧ ಊರು ಅದರೊಳಗಿತ್ತು.

ಅಂಗಡಿಯ ಹಿಂಭಾಗದಲ್ಲಿ ಕೂತು ಪರದೆಗಳ ಅಂಚು ಹೊಲಿಯುತ್ತಿದ್ದವಳು ಜೊಯ್ಕಾ. ಮೂವತ್ತರ ಹೆಂಗಸು, ಮಾತು ಕಡಿಮೆ. ಎಡಗೈಯ ಎರಡು ಬೆರಳು ಮುರಿದು ಸೊಟ್ಟಗೆ ಕೂಡಿದ್ದವು, ಹಾಗಾಗಿ ಬಟ್ಟೆಯನ್ನು ಅಂಗೈಯಿಂದ ತಳ್ಳಿ ಹೊಲಿಗೆ ಯಂತ್ರಕ್ಕೆ ಕೊಡುತ್ತಿದ್ದಳು. ಬಾಗಿಲು ಬಡಿಯಿತು ಎಂದಿದ್ದಳು. ಅದಕ್ಕೂ ಹಿಂದೆ ಹುಬ್ಬು ಒಡೆದಾಗಲೂ ಅದೇ ಬಾಗಿಲು. ಬೇಸಗೆಯ ಕೊನೆಯಲ್ಲಿ ಆ ಬಾಗಿಲನ್ನೂ ಅದರ ಯಜಮಾನ ನೌಮೆಯನ್ನೂ ಬಿಟ್ಟು ಬಂದು ನದಿಯ ಬದಿಯಲ್ಲಿ ಒಂದು ಕೋಣೆ ಹಿಡಿದಿದ್ದಳು.

ಊರಿನ ಪ್ರತಿ ಅಂಗಳದಲ್ಲೂ ಚಳಿಗಾಲದ ಚಟ್ನಿಗೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಹೊಗೆ ಎದ್ದಿದ್ದ ಒಂದು ಮಧ್ಯಾಹ್ನ ಜೊಯ್ಕಾ ಯಂತ್ರ ನಿಲ್ಲಿಸಿ ಎದುರು ಬಂದು ನಿಂತಳು.

"ಚಿಕ್ಕಮ್ಮ, ನೆವ್ರಾ ಗಂಡನ ಮನೆಗೆ ವಾಪಸ್ ಹೋಗ್ತಾಳಾ?"

ನೆವ್ರಾ ಧಾರಾವಾಹಿಯ ನಾಯಕಿ. ಗಂಡ ಸಾಲಿಹ್‌ನ ಅನುಮಾನ, ಹೊಡೆತ ತಾಳಲಾರದೆ ಮನೆ ಬಿಟ್ಟವಳು.

"ಶುಕ್ರವಾರ ಕೊನೇ ಕಂತಲ್ವೇನೇ, ನೋಡೋಣ ಬಿಡು. ಯಾಕೆ?"

"ಅಮ್ಮ ಹೊಂದ್ಕೊಂಡು ಹೋಗು ಅಂತಾಳೆ. ಪಾದ್ರಿಗಳು ತಾಳ್ಮೆ ಅಂತಾರೆ. ಅವನು ದಿನಾ ಮೆಸೇಜ್ ಕಳಿಸ್ತಾನೆ, ಬದಲಾಗಿದೀನಿ ಅಂತ. ನಂಗೆ ತಲೆ ಓಡ್ತಿಲ್ಲ. ನೆವ್ರಾ ಹೋದ್ರೆ ನಾನೂ ಹೋಗ್ತೀನಿ. ಅವಳು ಹೋಗ್ಲಿಲ್ಲ ಅಂದ್ರೆ ನಾನೂ ಹೋಗಲ್ಲ. ಅಷ್ಟೇ."

"ಹುಚ್ಚಿ! ಯಾರೋ ದುಡ್ಡು ಕೊಟ್ಟು ಅಳಿಸೋ ಹೆಂಗಸು ಅವಳು."

"ನೀವು ಹೇಳಿದ್ದು ಇದುವರೆಗೂ ಒಂದಾದ್ರೂ ತಪ್ಪಾಗಿದ್ಯಾ ಚಿಕ್ಕಮ್ಮ?"

ತಪ್ಪಾಗಿರಲಿಲ್ಲ. ಅದೇ ಕಷ್ಟ. ಕೊನೆಯ ಕಂತನ್ನು ಫಿಮ್ಕಾ ಎಂದೋ ಓದಿ ಮುಗಿಸಿದ್ದಳು. ಸಾಲಿಹ್ ಗುಲಾಬಿ ಹಿಡಿದು ಬಂದು ಬಸ್ ನಿಲ್ದಾಣದಲ್ಲಿ ಮಂಡಿಯೂರುತ್ತಾನೆ, ನೆವ್ರಾ ಅವನ ತಲೆ ನೇವರಿಸುತ್ತಾಳೆ, ಇಬ್ಬರೂ ಮನೆಗೆ ಹೋಗುತ್ತಾರೆ. ಇಜ್ಮಿರಿನ ಒಬ್ಬಾಕೆ ಮಾತ್ರ ಕೆಳಗೆ ಬರೆದಿದ್ದಳು: "ಬಾಗಿಲು ಹಾಕಿದ ಮೇಲೆ ಏನಾಯಿತೋ ತೋರಿಸಿ." ಅವಳಿಗೆ ಎಲ್ಲರೂ ಸೇರಿ ಬೈದಿದ್ದರು.

"ಬಟ್ಟಲು ಇವತ್ತು ಮಬ್ಬಾಗಿದೆ," ಎಂದು ಫಿಮ್ಕಾ ಅವಳನ್ನು ಕೆಲಸಕ್ಕೆ ಕಳಿಸಿದಳು.

ಮರುದಿನ ಜೊಯ್ಕಾ ದಾರ ತರಲು ಹೋದ ಹೊತ್ತು ನೋಡಿಕೊಂಡು ನೌಮೆ ಅಂಗಡಿಗೆ ಬಂದ. ನುಣ್ಣಗೆ ಗಡ್ಡ ಹೆರೆದಿದ್ದ, ಇಸ್ತ್ರಿ ಅಂಗಿ, ಮೆಲುದನಿ. ಇಂಥ ಗಿರಾಕಿಯನ್ನು ಯಾರೂ ಬೇಡವೆನ್ನುವುದಿಲ್ಲ.

"ಅಡುಗೆಮನೆ ಕಿಟಕಿಗೆ ಪರದೆ ಬೇಕಿತ್ತು ಚಿಕ್ಕಮ್ಮ."

"ಅಡುಗೆಮನೆಗಾದ್ರೆ ತೆಳ್ಳಂದು ತಗೋ. ಬೆಳಕು ಬರುತ್ತೆ."

"ಬೇಡಿ. ದಪ್ಪಂದು ಕೊಡಿ. ಎದುರುಮನೆ ಮುದುಕಿ ಯಾವಾಗ್ಲೂ ಇಣುಕ್ತಿರ್ತಾಳೆ." ಬಟ್ಟೆಯನ್ನು ಬೆಳಕಿಗೆ ಹಿಡಿದು, ಅದರ ಹಿಂದೆ ತನ್ನ ಕೈಯಾಡಿಸಿ, ಏನೂ ಕಾಣದ್ದನ್ನು ಕಂಡು ತಲೆದೂಗಿದ. "ಇದು ಚೆನ್ನಾಗಿದೆ. ಸದ್ದೂ ಸ್ವಲ್ಪ ತಡೆಯುತ್ತೆ ಅಲ್ವಾ?"

ಫಿಮ್ಕಾಳ ಕತ್ತರಿ ಬಟ್ಟೆಯ ನಡುವೆ ನಿಂತಿತು.

"ಇನ್ನೊಂದು ಮಾತು," ಎಂದ ನೌಮೆ, ಈ ಸಲ ತುರ್ಕಿಯಲ್ಲಿ. "ನಾನು ನಾಲ್ಕು ವರ್ಷ ತುರ್ಕಿಯ ಬುರ್ಸಾದಲ್ಲಿ ಕೆಲಸ ಮಾಡಿದೀನಿ. ನೀವು ಬೆಳಗ್ಗೆ ಓದ್ತೀರಲ್ಲ, ಆ ಪುಟ ನಾನೂ ಓದ್ತೀನಿ. ನಿಮ್ಮ ವ್ಯಾಪಾರಕ್ಕೆ ನಾನ್ಯಾಕೆ ಅಡ್ಡ ಬರ್ಲಿ? ಸುಳ್ಳು ಹೇಳಿ ಅಂತಲೂ ಕೇಳ್ತಿಲ್ಲ. ನೆವ್ರಾ ಹೋದ್ರೆ ತಾನೂ ಬರ್ತೀನಿ ಅಂತ ನನ್ನ ಹೆಂಡ್ತಿ ಅವಳಮ್ಮನ ಹತ್ರ ಅಂದಿದಾಳೆ. ಕೊನೇ ಕಂತು ಹೇಗಿದೆಯೋ ಹಾಗೇ ಅವಳಿಗೆ ಹೇಳಿ. ನಿಜ ಹೇಳೋದಕ್ಕೆ ಯಾರಾದ್ರೂ ಹೆದರ್ತಾರಾ?"

ಅವನು ಒಂದು ದೆನಾರ್‌ಗೂ ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ಫಿಮ್ಕಾಳಿಗೆ ಮೊದಲಿನಿಂದಲೂ ಭಯ. ಅಂಥವನು ಬೆಲೆಯನ್ನು ಬೇರೆಲ್ಲೋ ವಸೂಲಿ ಮಾಡುವ ಲೆಕ್ಕದಲ್ಲಿರುತ್ತಾನೆ.

ಬುಧವಾರ ಅಂಗಡಿ ತುಂಬಿತ್ತು. ಕೊನೆಯ ಕಂತಿನ ಭವಿಷ್ಯಕ್ಕೆಂದು ಹೂಮಾರುವ ದೊನ್ಕಾ ಕೂಡ ಮಾರುಕಟ್ಟೆಯ ಬಾಗಿಲಲ್ಲಿ ತನ್ನ ಬಕೆಟ್ಟುಗಳನ್ನು ಬಿಟ್ಟು ಬಂದಿದ್ದಳು. ಜೊಯ್ಕಾ ಹೊಲಿಗೆ ನಿಲ್ಲಿಸಿ ತನ್ನ ಬಟ್ಟಲನ್ನೇ ಮುಂದಿಟ್ಟಳು. ಫಿಮ್ಕಾ ಅದನ್ನು ಬೋರಲು ಹಾಕಿ ಎತ್ತಿದಳು. ಚರಟವಿತ್ತು, ಅಷ್ಟೇ. ಹದಿನಾಲ್ಕು ತಿಂಗಳಿಂದ ಕಟ್ಟಿಕೊಂಡ ಹೆಸರು ಒಂದು ಕಡೆ, ಸೊಟ್ಟ ಬೆರಳು ಇನ್ನೊಂದು ಕಡೆ. ನಷ್ಟದ ವ್ಯಾಪಾರವೆಂದು ಗೊತ್ತಿದ್ದೂ ಅವಳು ಬಾಯಿ ತೆರೆದಳು.

"ಹೋಗ್ತಾಳೆ. ಗುಲಾಬಿ ತಗೊಂಡು ಅವನು ಬರ್ತಾನೆ, ಇವಳು ನಂಬಿ ಹೋಗ್ತಾಳೆ. ಅಡುಗೆಮನೇಲಿ ಕೊಂದು ಹಾಕ್ತಾನೆ. ಅಲ್ಲಿಗೆ ಮುಗೀತು."

ಅಂಗಡಿಯೊಳಗೆ ಎಲ್ಲರೂ ಒಟ್ಟಿಗೆ ಕೂಗಿದರು.

"ಥೂ! ಎರಡು ವರ್ಷ ನೋಡಿದ್ದು ಇದಕ್ಕಾ?" ಎಂದಳು ದೊನ್ಕಾ. "ಇನ್ನೊಂದ್ಸಲ ನೋಡೇ ಫಿಮ್ಕಾ, ಬಟ್ಟಲು ತಿರುಗಿಸಿ ಹಿಡಿದಿದೀಯೇನೋ."

ಜೊಯ್ಕಾಳ ಮುಖ ಅಂಗಡಿಯ ಅಗ್ಗದ ಲೇಸಿನ ಬಣ್ಣಕ್ಕೆ ತಿರುಗಿತ್ತು. ಸಂಜೆ ಫಿಮ್ಕಾ ತಾನೇ ಅವಳನ್ನು ವೆಲೆಸ್ ಊರಿನ ಅಕ್ಕನ ಮನೆಗೆಂದು ಬಸ್ಸು ಹತ್ತಿಸಿ, ಒಂದು ಜಾಡಿ ಅಯ್ವಾರ್ ಚಟ್ನಿ ಕೈಗಿತ್ತಳು. "ಅಲ್ಲೇ ಕೆಲಸ ನೋಡ್ಕೋ. ಈ ಕಡೆ ಬರ್ಬೇಡ."

ಸುಳ್ಳು ಹಾಲಿನಂಥ ಸರಕು. ಒಡೆಯುವ ಮುಂಚೆ ಸಾಗಿಸಿದ್ದೇನೆ ಎಂದು ಫಿಮ್ಕಾ ಅಂದುಕೊಂಡಳು. ಆದರೆ ವೆಲೆಸ್‌ನಲ್ಲೂ ಟೀವಿ ಇದೆ ಎಂಬುದನ್ನು ಯೋಚಿಸಿದಾಗಲೆಲ್ಲ ಬಟ್ಟೆಯ ಅಳತೆ ತಪ್ಪಿ ಮೊದಲಿನಿಂದ ಅಳೆಯುತ್ತಿದ್ದಳು.

ಶುಕ್ರವಾರ ಎಂಟು ಗಂಟೆಯ ಕಂತಿನಲ್ಲಿ ನೆವ್ರಾ ಗಂಡನ ತಲೆ ನೇವರಿಸಿದಳು. ಗುಂಪಿನಲ್ಲಿ ಒಂಬತ್ತರೊಳಗೆ ನಗು ಶುರುವಾಯಿತು. ಯಾರೋ ಬೋರಲು ಬಿದ್ದ ಬಟ್ಟಲಿನ ಚಿತ್ರ ಹಾಕಿ ಕೆಳಗೆ ಶ್ರದ್ಧಾಂಜಲಿ ಎಂದು ಬರೆದರು. ಜೊಯ್ಕಾ ಫೋನು ಎತ್ತಲಿಲ್ಲ, ಎಷ್ಟು ಸಲ ಮಾಡಿದರೂ.

ಶನಿವಾರ ಬೆಳಗ್ಗೆ ಕದ ತೆಗೆಯುತ್ತಿದ್ದಾಗಲೇ ದೊನ್ಕಾ ಕೂಗಿದಳು: "ಏನೇ, ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿತ್ತಂತಲ್ಲ!"

"ಬಿತ್ತು ಬಿಡೇ. ನಿನ್ನ ಬಾಯಿ ಬಚ್ಚಲಿಗಿಂತ ಅದೇ ವಾಸಿ."

"ಕೋಪ ಮಾಡ್ಕೋಬೇಡ್ವೇ. ಇಲ್ಲಿ ಕೇಳು, ಆ ಜೊಯ್ಕಾ ಗಂಡ ಬಂದಿದ್ದ ಈಗ. ಕೆಂಪು ಗುಲಾಬಿ, ಹತ್ತು. ಹತ್ತು ಅಂದ್ರೆ ಗೋರಿಗೆ ಇಡೋ ಲೆಕ್ಕ ಕಣಪ್ಪ, ಬದುಕಿರೋರಿಗೆ ಬೆಸವೇ ಕೊಡ್ಬೇಕು, ಇನ್ನೊಂದು ಪುಕ್ಕಟೆ ಹಾಕ್ತೀನಿ ತಗೋ ಅಂದೆ. ಬೇಡ, ಹತ್ತೇ ಇರ್ಲಿ ಅಂದ. ಟೀವಿಲೂ ಹತ್ತೇ ಇತ್ತಂತೆ."

"ಯಾವ ಕಡೆ ಹೋದ?"

"ಉದ್ಯಾನದ ಕಡೆ. ಬಸ್ ನಿಲ್ದಾಣಕ್ಕಿರ್ಬೇಕು."

ಫಿಮ್ಕಾಳ ಫೋನು ಬಡಿದುಕೊಂಡಿತು. ಜೊಯ್ಕಾ. ಹಿಂದೆ ಬಸ್ಸಿನ ಸದ್ದು.

"ಅವಳು ಸಾಯ್ಲಿಲ್ಲ ಚಿಕ್ಕಮ್ಮ." ದನಿಯಲ್ಲಿ ಸಿಟ್ಟಿರಲಿಲ್ಲ, ಹಗುರಾಗಿತ್ತು, ಹಬ್ಬಕ್ಕೆ ಹೊರಟವಳ ದನಿ. "ಅವನು ಎಷ್ಟು ಅತ್ತ ನೋಡಿದ್ರಾ? ನಾನು ನೌಮೆಗೆ ಫೋನ್ ಮಾಡ್ದೆ. ಅವನೂ ಅತ್ತ. ನಿಲ್ದಾಣಕ್ಕೆ ಬರ್ತೀನಿ ಅಂದಿದಾನೆ."

"ಎಲ್ಲಿದೀಯೇ? ಇಳಿ! ಈಗಲೇ ಇಳಿ! ನಾನು ಹೇಳಿದ್ದೆಲ್ಲ ಬಟ್ಟಲಲ್ಲಿ ಕಂಡಿದ್ದಲ್ಲ ಕಣೇ…"

"ಪ್ರಿಲೆಪ್ ಊರೂ ದಾಟಿದೀವಿ, ಇನ್ನೇನು ಬಂದ್ಬಿಟ್ಟೆ. ಒಂದ್ಸಲ ತಪ್ಪಾದ್ರೆ ಏನಾಯ್ತು ಬಿಡಿ ಚಿಕ್ಕಮ್ಮ, ನೀವೂ ಮನುಷ್ಯರೇ…" ಗುಡ್ಡ ಅಡ್ಡ ಬಂದಿತೇನೋ, ದನಿ ತುಂಡಾಯಿತು.

ಫಿಮ್ಕಾ ಕದವನ್ನೂ ಎಳೆಯದೆ ನಡೆದಳು. ಓಡುವ ವಯಸ್ಸಲ್ಲ, ಓಡಿದಳು. ದಾರಿಯ ಕಾಫಿ ಅಂಗಡಿಗಳಲ್ಲಿ ಕೂತ ಹೆಂಗಸರು ಅವಳನ್ನು ಕಂಡು ಬಟ್ಟಲು ಎತ್ತಿ ತೋರಿಸಿ ನಕ್ಕರು.

ನಿಲ್ದಾಣದಲ್ಲಿ ನೌಮೆ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದ. ಹೂಗಳನ್ನು ಎದೆಗೆ ಹಿಡಿದಿದ್ದ. ಸುತ್ತ ಪ್ರಯಾಣಿಕರು ಅವನನ್ನು ಮೆಚ್ಚಿ ನೋಡುತ್ತಿದ್ದರು.

"ಬಂದ್ರಾ ಚಿಕ್ಕಮ್ಮ. ಒಳ್ಳೇದಾಯ್ತು. ಮುಂದಿನ ಕಂತು ಏನು ಹೇಳಿ ನೋಡೋಣ?"

"ನಿನ್ನೆಗೇ ಮುಗೀತಲ್ಲಪ್ಪ. ಮುಂದಿಂದು ಯಾರೂ ಬರೆದಿಲ್ಲ."

"ಹೌದಲ್ವಾ," ಎಂದು ಅವನು ನಕ್ಕ. ಹಲ್ಲು ಕಾಣಿಸಲಿಲ್ಲ.

ಬಸ್ಸು ತಿರುಗಿ ಬಂದು ನಿಂತಿತು. ಇಳಿಯುವವರೆಲ್ಲ ಇಳಿದ ಮೇಲೆ ಜೊಯ್ಕಾ ಮೆಟ್ಟಿಲ ಮೇಲೆ ಕಂಡಳು. ಕೂದಲನ್ನು ನೆವ್ರಾಳಂತೆ ಬಾಚಿಕೊಂಡಿದ್ದಳು. ನೌಮೆ ಎರಡು ಹೆಜ್ಜೆ ಮುಂದಿಟ್ಟು, ಜನ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಅತ್ತಿತ್ತ ಕಣ್ಣಾಡಿಸಿ, ಮಂಡಿಯೂರಿದ. ಯಾರೋ ಚಪ್ಪಾಳೆ ತಟ್ಟಿದರು.

"ಜೊಯ್ಕಾ!" ಫಿಮ್ಕಾ ಬಟ್ಟೆ ಕೂಗಿ ಮಾರುವ ದನಿಯಲ್ಲಿ ಕೂಗಿದಳು, ನಿಲ್ದಾಣವೆಲ್ಲ ತಿರುಗಿ ನೋಡುವಂತೆ. "ನನಗೆ ಬಟ್ಟಲಲ್ಲಿ ಯಾವತ್ತೂ ಏನೂ ಕಂಡಿಲ್ಲ ಕಣೇ! ತುರ್ಕಿ ಪುಟದಲ್ಲಿ ಓದಿ ಹೇಳ್ತಿದ್ದೆ, ಎಲ್ಲಾನೂ. ನೆವ್ರಾ ಬದುಕ್ತಾಳೆ ಅಂತಲೂ ಓದಿದ್ದೆ. ಸಾಯ್ತಾಳೆ ಅಂತ ಸುಳ್ಳು ಹೇಳ್ದೆ. ಯಾಕೆ ಅಂದ್ರೆ ಅವನೂ ಅದೇ ಪುಟ ಓದಿದಾನೆ! ನಿನ್ನನ್ನ ಹೇಗೆ ಕರೀಬೇಕು ಅಂತ ಅಲ್ಲೇ ನೋಡಿ ಕಲ್ತಿದಾನೆ. ನಿನ್ನ ವಿಷಯ ಮಾತ್ರ ಯಾರೂ ಎಲ್ಲೂ ಬರೆದಿರ್ಲಿಲ್ಲ. ಅಡುಗೆಮನೇಲಿ ಕೊಲ್ತಾನೆ ಅಂದದ್ದು ನಿನ್ನ ಬೆರಳು ನೋಡಿ ಹೇಳಿದ್ದು!"

ಜೊಯ್ಕಾ ಗಂಡನ ಕಡೆ ನೋಡಿದಳು. "ಹೌದಾ ನೌಮೆ? ನಿಂಗೆ ಮೊದಲೇ ಗೊತ್ತಿತ್ತಾ?"

"ಇಳಿ," ಎಂದ ಅವನು. ಮಂಡಿಯಲ್ಲೇ ಇದ್ದ, ದನಿ ಮಾತ್ರ ಎದ್ದು ನಿಂತಿತ್ತು. ಕೂಡಲೇ ಮೆತ್ತಗಾದ. "ಇಳಿ ಬಂಗಾರಿ. ಜನ ನೋಡ್ತಿದಾರೆ."

ಜೊಯ್ಕಾ ಮೆಟ್ಟಿಲ ಕಂಬಿಯನ್ನು ಹಿಡಿದಳು, ಸೊಟ್ಟ ಬೆರಳಿನ ಕೈಯಿಂದಲೇ.

"ಇಳೀತೀಯೋ ಇಲ್ವೋ ತಾಯಿ?" ಎಂದ ಚಾಲಕ. "ಧಾರಾವಾಹಿ ಮನೇಲಿ ನೋಡ್ಕೊಳ್ಳಿ, ನಂಗೆ ಕಾಫಿ ಕುಡೀಬೇಕು."

"ವಾಪಸ್ ಯಾವಾಗ ಹೋಗುತ್ತೆ ಬಸ್ಸು?"

"ಕಾಫಿ ಕುಡಿದ ಮೇಲೆ."

ಅವಳು ತಿರುಗಿ ಒಳಗೆ ಹೋಗಿ ಚಾಲಕನ ಹಿಂದಿನ ಸೀಟಿನಲ್ಲಿ ಕೂತಳು. ಚಪ್ಪಾಳೆ ತಟ್ಟಿದವರು ಏನು ಮಾಡಬೇಕೆಂದು ತಿಳಿಯದೆ ತಮ್ಮ ತಮ್ಮ ಚೀಲ ಎತ್ತಿಕೊಂಡರು.

ನೌಮೆ ಎದ್ದು ಪ್ಯಾಂಟಿನ ಧೂಳು ಕೊಡವಿದ. ಅವಸರವಿರಲಿಲ್ಲ. ಹೂಗಳನ್ನು ಎಡಗೈಗೆ ಬದಲಿಸಿ, ಜೇಬಿನಿಂದ ಹಣ ತೆಗೆಯುತ್ತ ಟಿಕೆಟ್ ಕಿಟಕಿಯ ಕಡೆ ನಡೆದ. ಫಿಮ್ಕಾ ಮೊಣಕೈ ಅಡ್ಡ ಹಾಕಿ ಅವನನ್ನು ದಾಟಿ, ಅವನಿಗಿಂತ ಮೊದಲು ಕಿಟಕಿಗೆ ಮುಖ ಕೊಟ್ಟು ನಿಂತು, "ವೆಲೆಸ್‌ಗೆ ಒಂದು, ಅವಳ ಪಕ್ಕದ ಸೀಟು," ಎಂದಳು. ಕತ್ತಿನ ಹಿಂಭಾಗಕ್ಕೆ ಅವನ ಉಸಿರು ತಾಗುತ್ತಿತ್ತು.